ಅತ್ತೆ ಕುಡಿಯದ ನೀರು

ನಮ್ಮ ಅತ್ತೆ ಮಧ್ಯಾಹ್ನದ ಊಟ ಮುಗಿಸಿ ಒಂದು ವಾಟೆ ನೀರು, ಒಂದು ಲೋಟದಷ್ಟು, ಕುಡಿದರೆ, ಮರುದಿನದ ಪೂಜೆಯಾಗುವವರೆಗೂ ಮತ್ತೆ ನೀರು ಮುಟ್ಟುತ್ತಿರಲಿಲ್ಲ. ಮದುವೆಯಾಗಿ ಗಜೇಂದ್ರಗಡದ ಈ ಮನೆಗೆ ಬಂದ ಹೊಸತರಲ್ಲಿ ಅದೊಂದು ವ್ರತವಿರಬೇಕು ಎಂದುಕೊಂಡಿದ್ದೆ. ನನ್ನ ತವರು ನರಗುಂದದ ಕಡೆ. ನಮ್ಮ ಹೊಲದ ಬದುವಿಗೇ ಕಾಲುವೆ ಇತ್ತು, ನೀರಿಗೆ ಯಾರೂ ಅಳತೆ ಇಟ್ಟಿರಲಿಲ್ಲ. ಇಲ್ಲಿ ಬಂದು ತಂಬಿಗೆ ಎತ್ತಿ ಗಟಗಟ ಕುಡಿದರೆ ಅತ್ತೆ ಮೂಗು ಮುರಿಯುತ್ತಿದ್ದರು. "ಕಾಲುವಿ ಊರಾಕಿ. ಎಮ್ಮಿ ಕುಡದಂಗ ಕುಡೀತಾಳ ನೋಡ" ಎಂದು ಓಣಿಯ ಹೆಂಗಸರ ಮುಂದೆ ಹೇಳಿ ನಗಿಸುತ್ತಿದ್ದರು. ನಾನೂ ನಗುತ್ತಿದ್ದೆ. ಬೈಗುಳಕ್ಕಿಂತ ನಗೆ ಮೇಲಲ್ಲವೇ, ಅಷ್ಟು ಪುಣ್ಯ.

ಅದು ವ್ರತವಲ್ಲ ಎಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ಅತ್ತೆ ಸೊಸೆಯಾಗಿದ್ದ ಕಾಲದಲ್ಲಿ ಈ ಓಣಿಯ ಹೆಂಗಸರು ನಸುಕಿನಲ್ಲಿ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ ಗುಡ್ಡದ ಕಡೆಯ ಬಯಲಿಗೆ ಹೋಗುತ್ತಿದ್ದರು. ನಡುವೆ ಹೋಗುವಂತಿರಲಿಲ್ಲ. ಹಗಲು ಬಯಲಿಗೆ ಹೋದವಳನ್ನು ಓಣಿಯೇ ಆಡಿಕೊಳ್ಳುತ್ತಿತ್ತು. ಹಾಗಾಗಿ ನೀರನ್ನು ಕಡಿಮೆ ಮಾಡುವುದನ್ನು ಕಲಿತರು. ಅನ್ನ ಮಾಡುವುದನ್ನು ಕಲಿತಂತೆ ಅದನ್ನೂ ಕಲಿತರು, ಮತ್ತೆ ಮರೆಯಲಿಲ್ಲ. ಈಗ ಹಿತ್ತಲಲ್ಲಿ ಪಾಯಖಾನೆ ಇದೆ, ಬಿಳಿ ಟೈಲ್ಸ್ ಹಾಕಿಸಿದ್ದೇವೆ. ಆದರೆ ಅದಕ್ಕೆ ಮೆಟ್ಟಿಲು ಇಳಿದು ಹೋಗಬೇಕು, ಅತ್ತೆಯ ಮೊಳಕಾಲು ಸೋತಿದ್ದವು. ಯಾರಾದರೂ ರಟ್ಟೆ ಹಿಡಿಯಬೇಕಿತ್ತು. ಅತ್ತೆ ಕರೆಯುತ್ತಿರಲಿಲ್ಲ. ಕರೆಯುವ ಪ್ರಸಂಗವೇ ಬರದಂತೆ ನೀರು ಬಿಟ್ಟರು.

ಆಗಾಗ ಉರಿಮೂತ್ರವಾಗುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಅತ್ತೆಯ ಕಾಲಿನ ಹೆಬ್ಬೆರಳ ಉಗುರಿನ ಮೇಲೆ ಸುಣ್ಣ, ಹೊಕ್ಕುಳಿಗೆ ಔಡಲೆಣ್ಣೆ ಕಂಡರೆ ನಾನೇ ತಿಳಿದುಕೊಳ್ಳುತ್ತಿದ್ದೆ. ಉಷ್ಣವಾಗಿದೆ ಎಂದು ಮಜ್ಜಿಗೆ ಕೊಡುತ್ತಿದ್ದೆ, ಜೀರಿಗೆ ನೆನೆಸಿ ಕೊಡುತ್ತಿದ್ದೆ. ಎರಡು ಗುಟುಕು ಕುಡಿದು ಸಾಕೆನ್ನುತ್ತಿದ್ದರು. ನಾಲ್ಕು ದಿನಕ್ಕೆ ತಾನೇ ಇಳಿಯುತ್ತಿತ್ತು. ನಮ್ಮ ಮನೆಯವರಿಗೆ, ಅಂದರೆ ಅವರ ಮಗನಿಗೆ, ಇದಾವುದೂ ಗೊತ್ತಿರಲಿಲ್ಲ. ಗಂಡಸರ ಮುಂದೆ ಹೇಳುವ ಮಾತೇ ಅದು?

ಯುಗಾದಿ ಕಳೆದು ಬಿಸಿಲು ಏರಿದ ದಿನಗಳಲ್ಲಿ ಅತ್ತೆ ಒಂದು ಮುಂಜಾನೆ ಪೂಜೆಗೆ ಕೂತವರು ವಿಭೂತಿ ಕೈಯಲ್ಲಿ ಹಿಡಿದು ಸುಮ್ಮನೆ ನನ್ನನ್ನು ನೋಡುತ್ತಿದ್ದರು. ಎಮ್ಮೆಯನ್ನು ಬಿಚ್ಚಿ ಬಿಡು, ಬಿಸಿಲಿಗೆ ಬಾಯಿ ಬಿಡುತ್ತಿದೆ ಎಂದರು. ನಮ್ಮ ಮನೆಯಲ್ಲಿ ಎಮ್ಮೆ ಇಲ್ಲದೆ ಎಷ್ಟೋ ವರ್ಷವಾಗಿದೆ. ಮುಪ್ಪಿನ ಮರೆವು ಎಂದುಕೊಂಡೆ. ಹೊತ್ತೇರುತ್ತಿದ್ದಂತೆ ಅವರ ಮೈ ನಡುಗತೊಡಗಿತು. ಬರೀ ಚಳಿಯ ನಡುಕವಲ್ಲ, ಮಂಚವೇ ಗಡಗಡ ಅಲುಗುವಂಥದ್ದು. ಹಲ್ಲು ಕಚ್ಚಿ, ಕಣ್ಣು ಮೇಲೆ ಮಾಡಿ, ಒರಟು ದನಿಯಲ್ಲಿ ಯಾರ ಯಾರನ್ನೋ ಕರೆದರು. ನಮ್ಮ ಮನೆಯವರು ತಮ್ಮ ಬಟ್ಟೆ ಅಂಗಡಿಗೆ ಅರಿವೆ ತರಲು ಹುಬ್ಬಳ್ಳಿಗೆ ಹೋಗಿದ್ದರು. ಹೆದರಿ ಪಕ್ಕದ ಮನೆಗೆ ಓಡಿದೆ.

ಪಕ್ಕದ ಮನೆಯ ಮುದುಕಿಗೆ ಇಡೀ ಓಣಿ ದೊಡ್ಡವ್ವ ಎನ್ನುತ್ತದೆ. ಹೆರಿಗೆ, ಸಾವು, ಹಬ್ಬ ಎಲ್ಲಕ್ಕೂ ಆಕೆಯ ಮಾತೇ ಕೊನೆಯದು. ಒಳಗೆ ಬಂದು ಅತ್ತೆಯನ್ನು ನೋಡಿದವರೇ ಚಪ್ಪಲಿಯನ್ನು ಹೊರಗೆ ಎಸೆದು ಕೈ ಮುಗಿದರು.

"ದ್ಯಾಮವ್ವ ಬಂದಾಳ. ಮೈ ಹ್ಯಾಂಗ ಹೊಯ್ದಾಡಾಕತ್ತೈತಿ ನೋಡ. ನಿಮ್ಮ ಮನಿ ಪುಣ್ಯಾ ಮಾಡೇತಿ ತಂಗಿ. ಲಗೂ ಕುಂಕುಮ ತಾ."

ನಾನು ತಂದೆ. ಯಾಕೆ ತರಬಾರದು? ಊರದೇವಿ ದ್ಯಾಮವ್ವ ನಮ್ಮಂಥವರ ಮನೆಗೂ ಬರುತ್ತಾಳೆ ಎಂದು ನಂಬಿಯೇ ಬೆಳೆದವಳು ನಾನು, ಈಗಲೂ ನಂಬುತ್ತೇನೆ. ದೊಡ್ಡವ್ವ ನೆಲ ಸಾರಿಸಿ ಹಸಿ ಅರಿವೆ ಹಾಸಿಸಿದರು. ಆಮೇಲೆ ಒಂದು ಕಟ್ಟಳೆ ಹೇಳಿದರು. ಅವ್ವ ಮೈಮೇಲೆ ಇರುವ ತನಕ ಬಾಯಿ ಎಂಜಲಾಗಬಾರದು. ಕೂಳಿಲ್ಲ, ನೀರೂ ಇಲ್ಲ. ಇಳಿದ ಮೇಲೆ ಮಾತ್ರ ಎಳನೀರು.

ಸುದ್ದಿ ಓಣಿಗೆ ಹಬ್ಬಿತು. ಹೆಂಗಸರು ಕಾಯಿ, ಎಲೆ, ಕುಪ್ಪಸದ ಕಣ ಹಿಡಿದು ಬಂದರು. ಒಬ್ಬಾಕೆ ತನ್ನ ಮಗಳ ಲಗ್ನ ಯಾವಾಗ ಕೂಡುತ್ತದೆ ಎಂದು ಕೇಳಿದಳು. ಎಮ್ಮಿ ಬಿಚ್ಚ, ಎಮ್ಮಿ ಬಿಚ್ಚ ಎಂದರು ಅತ್ತೆ. ಅದರ ಅರ್ಥ ಏನಿರಬಹುದೆಂದು ಹೊರಗೆ ಕಟ್ಟೆಯ ಮೇಲೆ ದೊಡ್ಡ ಚರ್ಚೆಯೇ ಆಯಿತು. ಬಿಗಿಯಾಗಿ ಹಿಡಿದುಕೊಂಡು ಕೂತಿದ್ದೀರಿ, ಸ್ವಲ್ಪ ಸಡಿಲ ಬಿಡಿ, ಬಂದ ವರನಿಗೆ ಹೂಂ ಅನ್ನಿ ಎಂದು ಅರ್ಥ ಮಾಡಿದರು ದೊಡ್ಡವ್ವ. ಇನ್ನೊಬ್ಬಾಕೆ, ಹಾಗಾದರೆ ಮಗಳು ಎಮ್ಮೆಯೇ ಎಂದು ಕೇಳಿ ಬೈಸಿಕೊಂಡಳು. ನಾನೂ ಬಾಯಿಗೆ ಸೆರಗು ಹಿಡಿದು ನಕ್ಕೆ.

ಆ ಸಂಜೆ ಇನ್ನೊಂದು ನಡೆಯಿತು. ಎಲ್ಲರೂ ಹೋದ ಮೇಲೆ ನಾನು ಅವರ ಕಾಲ ಹತ್ತಿರ ಕೂತಿದ್ದೆ. ಅತ್ತೆ ಕಾದ ಕೈಯನ್ನು ನನ್ನ ತಲೆಯ ಮೇಲಿಟ್ಟು, "ನೀ ನನ್ನ ಹಡದವ್ವ" ಎಂದರು. ಈ ಮನೆಯಲ್ಲಿ ನನ್ನನ್ನು ಸೊಸಿ ಎಂದು ಕರೆದಿದ್ದಾರೆ, ಕಾಲುವಿ ಊರಾಕಿ ಎಂದು ಕರೆದಿದ್ದಾರೆ. ಹಡೆದವ್ವ ಎಂದು ಕರೆದದ್ದು ಅದೇ ಮೊದಲು. ದೇವಿಯೇ ಅವರ ಬಾಯಿಂದ ಆಡಿಸಿದಳು ಎಂದು ಕಣ್ಣೀರು ಹಾಕಿದೆ.

ಮರುದಿನ ಸೀರೆ ಬದಲಿಸಲು ಹೋದಾಗ ಗಮನಕ್ಕೆ ಬಂತು, ಹಾಸಿಗೆ ಒಣಗಿಯೇ ಇತ್ತು. ಹಿಂದಿನ ದಿನವೂ ಒಣಗಿತ್ತು, ಮೂತ್ರವೇ ಆಗಿರಲಿಲ್ಲ. ಮೈಯಿಂದ ಕೊಳೆತ ಹುಲ್ಲಿನಂಥ ವಾಸನೆ. ಕರೆದರೆ ಕಣ್ಣು ತೆರೆಯುತ್ತಿರಲಿಲ್ಲ. ಬಾಯಿಗೆ ನೀರು ಹಾಕೋಣ ಎಂದೆ. ದೊಡ್ಡವ್ವ ಕೈ ಹಿಡಿದು, ಅವ್ವ ಸಿಟ್ಟಾದರೆ ಮನೆ ಉಳಿಯುವುದಿಲ್ಲ ಎಂದರು. ಅಷ್ಟರಲ್ಲಿ ನಮ್ಮ ಮನೆಯವರು ಬಂದರು. ಗಂಟನ್ನು ಬಾಗಿಲಲ್ಲೇ ಇಳಿಸಿ, ತಾಯಿಯ ಹಣೆ ಮುಟ್ಟಿ, ನನ್ನ ಮುಖ ನೋಡಿದರು.

"ದೇವರಲ್ಲ, ಜ್ವರ ಬಂದಾವ. ನಿಮಗ ಸುಡೂದು ತಿಳೀಲಿಲ್ಲೇನ?"

ಹೊರಗಿನಿಂದ ಬಂದ ಮೈಯಲ್ಲಿ ಮುಟ್ಟಿದೆ ಎಂದು ದೊಡ್ಡವ್ವ ಬೈದರು. ನಮ್ಮವರು ಕೇಳಿಸಿಕೊಳ್ಳಲಿಲ್ಲ. ಗಾಡಿ ತರಿಸಿ ರೋಣದ ದವಾಖಾನೆಗೆ ಹೊರಟೆವು. ದಾರಿಯಲ್ಲಿ ಅತ್ತೆಯ ತಲೆ ನನ್ನ ತೊಡೆಯ ಮೇಲಿತ್ತು, ಉಸಿರು ಇತ್ತು. ಅದನ್ನೂ ದೇವರ ಉಪಕಾರದ ಲೆಕ್ಕಕ್ಕೆ ಹಿಡಿದೆ.

ಅಲ್ಲಿಯ ಡಾಕ್ಟರರ ಬಗ್ಗೆ ನಮ್ಮ ಊರಲ್ಲಿ ಒಳ್ಳೆಯ ಮಾತೇನೂ ಇರಲಿಲ್ಲ. ದೊಡ್ಡದಾಗಿ ಓದಿದ್ದಾರೆ ಅಂತೆ, ಆದರೆ ಕೊಯ್ಯುವುದಿಲ್ಲ, ಹೋದ ಕೂಡಲೇ ಸೂಜಿಯನ್ನೂ ಚುಚ್ಚುವುದಿಲ್ಲ, ಬರೀ ಪ್ರಶ್ನೆ ಕೇಳುತ್ತಾರೆ ಎನ್ನುತ್ತಿದ್ದರು. ಪೊಲೀಸರಾಗಬೇಕಿತ್ತು ಎಂದು ಅಂಗಡಿಯಲ್ಲಿ ನಗಾಡುತ್ತಿದ್ದರಂತೆ. ನಮಗೂ ಮೊದಲು ಪ್ರಶ್ನೆಯೇ ಎದುರಾಯಿತು. ಅತ್ತೆಯ ನಾಡಿ ಹಿಡಿದುಕೊಂಡೇ ಕೇಳಿದರು. ಮೂತ್ರ ಯಾವಾಗ ಮಾಡಿದ್ದು, ಉರಿ ಇತ್ತೇ, ದಿನಕ್ಕೆ ಎಷ್ಟು ನೀರು ಕುಡಿಯುತ್ತಾರೆ. ನಮ್ಮ ಮನೆಯವರು ಗೋಡೆ ನೋಡುತ್ತ ನಿಂತರು. ನಾನು ಸೆರಗು ಸರಿ ಮಾಡಿಕೊಳ್ಳುತ್ತ ಅವರತ್ತ ನೋಡಿದೆ. ಡಾಕ್ಟರರಿಗೆ ತಿಳಿಯಿತೇನೋ, ಏನೋ ತರಲು ಹೇಳಿ ನಮ್ಮವರನ್ನು ಹೊರಗೆ ಕಳಿಸಿದರು. ಆಗ ಎಲ್ಲವನ್ನೂ ಹೇಳಿದೆ. ಸುಣ್ಣ, ಔಡಲೆಣ್ಣೆ, ಮಧ್ಯಾಹ್ನದ ಒಂದೇ ವಾಟೆ, ದ್ಯಾಮವ್ವ. ದ್ಯಾಮವ್ವನ ಮಾತಿಗೆ ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ. ಮೂತ್ರಕ್ಕೆ ನಳಿಕೆ ಹಾಕಿದಾಗ ಚೀಲಕ್ಕೆ ಇಳಿದದ್ದು ಹುಣಸೆ ರಸದಂತೆ ಕಪ್ಪಗಿತ್ತು, ಸ್ವಲ್ಪವೇ ಇತ್ತು.

ಮೂತ್ರದ ಸೋಂಕು ಮೇಲೇರಿ ಕಿಡ್ನಿ ಮುಟ್ಟಿದೆ, ಅಲ್ಲಿಂದ ರಕ್ತಕ್ಕೆ ಸೇರಿದೆ ಎಂದರು. ಹರೆಯದವರಿಗೆ ಉರಿಯಾಗುತ್ತದೆ, ಜ್ವರ ಬರುತ್ತದೆ, ಅವರು ಹೇಳಿಕೊಳ್ಳುತ್ತಾರೆ. ಮುಪ್ಪಿನವರಲ್ಲಿ ಎಷ್ಟೋ ಸಲ ಅದು ಮೊದಲು ಕಾಣುವುದು ಮಾತಿನಲ್ಲಿ. ಇಲ್ಲದವರನ್ನು ಕರೆಯುತ್ತಾರೆ, ಇರುವವರ ಗುರುತು ತಪ್ಪುತ್ತದೆ. ಸೋಂಕು ರಕ್ತಕ್ಕೆ ಸೇರಿದಾಗ ಬರುವ ಚಳಿಯೇ ಆ ನಡುಕ ಎಂದು ನಿಧಾನವಾಗಿ ತಿಳಿಸಿ ಹೇಳಿದರು.

ಅತ್ತೆಯನ್ನು ಅಲ್ಲಿಯೇ ಇಟ್ಟುಕೊಂಡರು. ಆ ದಿನಗಳಲ್ಲಿ ಡಾಕ್ಟರರು ಸಂಜೆ ಒಂದು ಸುತ್ತು ಬಂದಾಗ ಸ್ಟೂಲು ಎಳೆದು ಕೂರುತ್ತಿದ್ದರು. ಅವರ ತಂದೆ ನರೇಗಲ್ಲಿನ ಸಂತೆಯ ದಾರಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದವರು. ಮಗ ಅಲ್ಲಿಯ ಕನ್ನಡ ಸಾಲೆಯಲ್ಲಿ ಕಲಿತು ಹುಬ್ಬಳ್ಳಿಗೆ ಹೋದವರು. "ನಾ ಎಲುವಿನ ಡಾಕ್ಟರ್ ಆಗಬೇಕಂತ ಮಾಡಿದ್ದೆರಿ. ಸೀಟ ಸಿಗಲಿಲ್ಲ. ಸಿಕ್ಕಿದ್ದು ಇದು, ಜನರಲ್ ಮೆಡಿಸಿನ್" ಎಂದು ತಾವೇ ನಕ್ಕರು. ಮೊದಲ ವರ್ಷ ಮನಸ್ಸಿಲ್ಲದೆ ಕಲಿತರಂತೆ. ಆಗ ಒಬ್ಬ ಮಗ ತಾಯಿಗೆ ಹುಚ್ಚು ಹಿಡಿದಿದೆ ಎಂದು ಕರೆತಂದ. ಇವರೂ ಹಾಗೆಯೇ ತಿಳಿದು ಮನೋರೋಗದ ವಾರ್ಡಿಗೆ ಬರೆದು ಕೊಟ್ಟರು. ಇವರ ಗುರುಗಳು ಬಂದು ಆ ಮುದುಕಿಯ ಬೆನ್ನಿನ ಪಕ್ಕೆ ತಟ್ಟಿದ ಕೂಡಲೇ ಆಕೆ ಚೀರಿದಳಂತೆ. ಮೂತ್ರ ನೋಡಿದೆಯಾ ಎಂದು ಗುರುಗಳು ಕೇಳಿದರು, ಇವರು ನೋಡಿರಲಿಲ್ಲ. ಆಕೆ ಉಳಿದಳೇ ಎಂದು ಕೇಳಿದೆ. ಇಲ್ಲರಿ ಎಂದು ಎದ್ದು ಹೋದರು.

ಅತ್ತೆಗೆ ತಿಳಿವು ಮರಳಿದ ದಿನ ಮೊದಲು ಕೇಳಿದ್ದು ವಿಭೂತಿ. ಆಮೇಲೆ ನನ್ನತ್ತ ನೋಡಿ, "ಸೊಸಿ, ಮನಿಗಿ ಬೀಗ ಹಾಕಿ ಬಂದಿ ಹೌದಿಲ್ಲೋ?" ಎಂದರು. ನಾನು ನಮ್ಮೂರ ಗುಡ್ಡದ ಕಾಲಕಾಲೇಶ್ವರನಿಗೆ ಅಲ್ಲಿಂದಲೇ ಕೈ ಮುಗಿದೆ. ಸೊಸಿ ಎಂದದ್ದಕ್ಕೆ ಒಳಗೆಲ್ಲೋ ಸಣ್ಣಗೆ ನೋವಾದದ್ದೂ ನಿಜ. ಡಾಕ್ಟರರನ್ನು ಒಂದು ಮಾತು ಕೇಳಿದೆ. ಎಮ್ಮೆಯ ಮಾತು ಜ್ವರದ್ದು, ಸರಿ. ನನಗೆ ಹಡೆದವ್ವ ಎಂದದ್ದೂ ಜ್ವರದ್ದೇ?

ಅವರು ಅತ್ತೆಯ ಕಡೆ ನೋಡಿದರು. "ಅದು ನನಗ ಗೊತ್ತಿಲ್ಲರಿ ಅಮ್ಮಾರ" ಎಂದರು.

ಮನೆಗೆ ಬಿಡುವಾಗ ಅವರು ಹೇಳಿದ್ದು ಮುಖ್ಯವಾಗಿ ಒಂದೇ. ಗುಳಿಗೆ ಪೂರ್ತಿ ಮುಗಿಸಬೇಕು, ಆದರೆ ಗುಳಿಗೆಗಿಂತ ಹೆಚ್ಚಿನದು ನೀರು. ನನ್ನ ತವರು ಯಾವುದೆಂದು ಕೇಳಿಕೊಂಡು ಕಾಲುವೆಯ ಮಾತು ತೆಗೆದರು. ಹರಿಯುವ ಕಾಲುವೆ ಕಸ ತಳ್ಳಿಕೊಂಡು ಹೋಗುತ್ತದೆ, ನಿಂತ ಕಡೆ ಪಾಚಿ ಕಟ್ಟುತ್ತದೆ. ನಿಮ್ಮ ಅತ್ತೆಯ ಹೊಟ್ಟೆಯೊಳಗಿನ ಕಾಲುವೆ ದಿನವಿಡೀ ಹರಿಯುವಂತೆ ನೋಡಿಕೊಳ್ಳಿ, ರಕ್ತದಲ್ಲಿ ಸಕ್ಕರೆ ಕಾಯಿಲೆಯೂ ಕಂಡಿದೆ, ಈಗಾಗಲೇ ಕಿಡ್ನಿ ಸೋತಿದೆ, ಇನ್ನೊಂದು ಸಲ ಹೀಗಾದರೆ ತಡೆಯುವುದಿಲ್ಲ ಎಂದರು. ಅಷ್ಟು ಸುಲಭದ ಮಾತು. ನೀರು ಕುಡಿಸಬೇಕು, ಅಷ್ಟೇ. ಔಷಧವಾಗಿ ನೀರನ್ನೇ ಇಟ್ಟಿದ್ದಾನಲ್ಲ ದೇವರು ಎಂದು ಹರ್ಷದಿಂದ ಮನೆಗೆ ಬಂದೆ.

ಆ ಹರ್ಷ ವಾರವೂ ಬಾಳಲಿಲ್ಲ. ಅತ್ತೆ ಬಾಯಿ ಬಿಗಿ ಹಿಡಿದರು. ಬೇಡಿಕೊಂಡೆ, ಸಿಟ್ಟು ಮಾಡಿದೆ, ಮಗನಿಂದ ಹೇಳಿಸಿದೆ. ಮಗ ನಿಂತಿರುವ ತನಕ ಕುಡಿದಂತೆ ಮಾಡಿ, ಅವರು ಹೋದ ಮೇಲೆ ತುಳಸಿ ಕುಂಡಕ್ಕೆ ಸುರಿಯುತ್ತಿದ್ದರು. ಹಾಸಿಗೆಯ ಬಳಿಯೇ ಪಾತ್ರೆ ತಂದಿಟ್ಟೆ. ಅದನ್ನು ಕಂಡು ಅತ್ತರು, ಮೊದಲ ಸಲ ನನ್ನೆದುರು ಅತ್ತರು.

"ನೀರ ಕುಡದರ ನೀ ನನ್ನ ಸೀರಿ ಎತ್ತಬೇಕ. ಈ ವಯಸ್ಸಿನ್ಯಾಗ ಸೊಸಿ ಕಡಿಂದ ಅದನ್ನೂ ಮಾಡಿಸಿಕೊಳ್ಳಲ್ಯಾ? ನನ್ನ ಹಿಂಗ ಬಿಡವಾ."

ನೀವೇ ಹಡೆದವ್ವ ಎಂದಿರಲ್ಲ, ತಾಯಿ ಮಾಡಿದರೆ ತಪ್ಪೇನು ಎನ್ನಬೇಕೆಂದುಕೊಂಡೆ. ಅವರಿಗೆ ಅದು ನೆನಪಿರಲಿಲ್ಲ. ಹೇಳಿದ್ದರೆ ಇನ್ನಷ್ಟು ನಾಚುತ್ತಿದ್ದರು. ದೊಡ್ಡವ್ವ ಬಂದು, ದವಾಖಾನಿಯವರಿಗೇನು ಗೊತ್ತು, ಅವ್ವ ಇಳಿಯುವ ಮೊದಲೇ ಎತ್ತಿಕೊಂಡು ಓಡಿದ್ದಕ್ಕೇ ಹೀಗಾಗಿದೆ ಎಂದು ಗೊಣಗಿ ಹೋದರು. ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಆಕೆಯೂ ನೀರು ಕುಡಿಯುವುದಿಲ್ಲ.

ಕೊನೆಗೆ ನಾನೊಂದು ಉಪಾಯ ಹೂಡಿದೆ. ತಂಬಿಗೆಯನ್ನು ದೇವರ ಮುಂದಿಟ್ಟು, ಒಂದು ಬಿಲ್ವಪತ್ರೆ ಹಾಕಿ, ತೀರ್ಥ ಎಂದು ಒಯ್ದೆ. ತೀರ್ಥಕ್ಕೆ ಬೇಡ ಎನ್ನುವವರಲ್ಲ ಅತ್ತೆ. ಬಲಗೈ ಚಾಚಿ, ಅಂಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಕುಡಿದರು. ಮುಂಜಾನೆ ತೀರ್ಥ, ಮಧ್ಯಾಹ್ನ ತೀರ್ಥ, ದೀಪ ಹಚ್ಚಿ ತೀರ್ಥ. ಇಷ್ಟು ಪೂಜೆ ಎಲ್ಲಿಂದ ಬಂತು ಎಂದು ಕೇಳಿದರು, ಹರಕೆ ಹೊತ್ತಿದ್ದೇನೆ ಎಂದೆ. ಸುಳ್ಳೇನೂ ಆಗಿರಲಿಲ್ಲ. ಆದರೆ ಅಂಗೈಯಲ್ಲಿ ಎಷ್ಟು ನೀರು ಹಿಡಿಯುತ್ತದೆ? ರೋಣದಲ್ಲಿ ಇದನ್ನು ಹೇಳಿದಾಗ ಡಾಕ್ಟರರು ನಕ್ಕರು, ಆಮೇಲೆ ಸಾಲುವುದಿಲ್ಲ ಎಂದರು. ಸಾಲುವುದಿಲ್ಲ ಎಂದು ನನಗೂ ಗೊತ್ತಿತ್ತು. ಮಾಡಲು ಇನ್ನೇನು ಉಳಿದಿದೆ ಎಂಬುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಮಳೆಗಾಲ ಶುರುವಾದಾಗ ಮತ್ತೆ ಆ ಜ್ವರ ಬಂತು. ಈ ಸಲ ಯಾರೂ ಕಾಯಿ ಹಿಡಿದು ಬರಲಿಲ್ಲ. ಮೊದಲ ನಡುಕಕ್ಕೇ ಎತ್ತಿಕೊಂಡು ಓಡಿದೆವು, ಒಂದು ಗಳಿಗೆಯೂ ತಡ ಮಾಡಲಿಲ್ಲ. ಸರಿಯಾದ ಹೊತ್ತಿಗೆ ತಂದಿದ್ದೀರಿ ಎಂದರು ಡಾಕ್ಟರರು. ತಿಳಿವು ಬಂತು, ಜ್ವರ ಇಳಿಯಿತು. ಆದರೆ ಕಿಡ್ನಿ ಏಳಲಿಲ್ಲ. ಕಾಲು ಬಾತವು, ಮುಖ ಬಾತಿತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ರಕ್ತ ತೊಳೆಸಲು ಗದಗಿಗೆ ಒಯ್ದೆವು. ಹೃದಯ ತಡೆಯುವುದಿಲ್ಲ ಎಂದು ಅಲ್ಲಿಯವರು ತಿರುಗಿ ಕಳಿಸಿದರು. ಮತ್ತೆ ರೋಣ.

ಆಗ ಡಾಕ್ಟರರು ನನ್ನನ್ನು ಬದಿಗೆ ಕರೆದು, ಇನ್ನು ಮೇಲೆ ನೀರು ಕಡಿಮೆ ಮಾಡಬೇಕು ಎಂದರು. ದಿನಕ್ಕೆ ಒಂದು ಸಣ್ಣ ವಾಟೆ, ಗುಳಿಗೆಗೂ ಅದರಲ್ಲೇ. ಒಳಗೆ ಹೋದ ನೀರು ಹೊರಗೆ ಬರುತ್ತಿಲ್ಲ, ಎದೆಯಲ್ಲಿ ತುಂಬುತ್ತಿದೆ. ನನಗೆ ಮೊದಲು ಅರ್ಥವೇ ಆಗಲಿಲ್ಲ. ಕುಡಿಸಿ ಎಂದವರೇ ಕುಡಿಸಬೇಡಿ ಎನ್ನುತ್ತಿದ್ದಾರೆ ಎಂದು ಅವರ ಮುಖ ನೋಡುತ್ತ ನಿಂತೆ. ಅವರು ಮತ್ತೊಮ್ಮೆ ಅದನ್ನೇ ಹೇಳಿದರು. ಅವರ ದನಿಯೂ ಸೋತಿತ್ತು.

ಮತ್ತು ಈಗಲೇ ಅತ್ತೆ ನೀರು ಕೇಳತೊಡಗಿದರು. ಜೀವಮಾನವಿಡೀ ಕೇಳದವರು. ನಾಲಿಗೆ ಒಣಗಿ ಅಂಗುಳಕ್ಕೆ ಅಂಟುತ್ತಿತ್ತು, ಬಾಯಿ ತೆರೆದರೆ ಚಟ್ ಎಂದು ಸದ್ದಾಗುತ್ತಿತ್ತು. ಪಕ್ಕದ ಹಾಸಿಗೆಯವರು ಬಾಟಲಿ ಎತ್ತಿದರೆ ಕಣ್ಣು ಅತ್ತ ಹೊರಳುತ್ತಿತ್ತು. ಹತ್ತಿಯನ್ನು ಒದ್ದೆ ಮಾಡಿ ತುಟಿಗೆ ಒತ್ತಿದರೆ ಅದನ್ನೇ ಚೀಪಿದರು. ಒಂದು ಮಧ್ಯಾಹ್ನ ನನ್ನ ಸೆರಗು ಹಿಡಿದು ಹೇಳಿದರು:

"ಕಾಲುವಿ ಊರಾಕಿ ನೀ. ಒಂದ ತಂಬಗಿ ನೀರಿಗಿ ಬಡತನ ಆತೇನ ನಿನಗ?"

ಹಳೆಯ ಚೇಷ್ಟೆಯ ದನಿಯಲ್ಲೇ ಹೇಳಿದರು, ಕಣ್ಣು ಮಾತ್ರ ಬೇಡುತ್ತಿತ್ತು. ಡಾಕ್ಟರ್ ಬೇಡ ಅಂದಾರರಿ ಅತ್ತೀ ಎಂದೆ. ಕುಡೀ ಅಂದವರೂ ಅವರೇ ಅಲ್ಲವೇ ಎಂದು ಕೇಳಿದರು. ಹೌದೆಂದೆ. ಮುಖ ತಿರುಗಿಸಿದರು. ನಾನು ಸೆರಗು ಬಿಡಿಸಿಕೊಂಡು ಹೊರಗೆ ಹೋಗಿ ನಳದ ಹತ್ತಿರ ನಿಂತೆ. ನಳ ಸೋರುತ್ತಿತ್ತು. ಆ ದಿನ ನಾನೂ ನೀರು ಕುಡಿಯಲಿಲ್ಲ. ಅದರಿಂದ ಅವರಿಗೇನು ಉಪಯೋಗ? ಏನೂ ಇಲ್ಲ.

ನಾನು ಪ್ರತಿದಿನ ದೇವರ ಉಪಕಾರ ಎಣಿಸುವ ಹೆಂಗಸು. ನಮ್ಮವ್ವ ಕಲಿಸಿದ ರೂಢಿ ಅದು. ಆ ದಿನಗಳಲ್ಲೂ ಎಣಿಸಿದೆ. ಕಿಟಕಿಯ ಪಕ್ಕದ ಹಾಸಿಗೆ ಸಿಕ್ಕಿತ್ತು. ಬೆನ್ನಿಗೆ ಹುಣ್ಣಾಗಿರಲಿಲ್ಲ. ನಮ್ಮ ಮನೆಯವರು ತಾಯಿಯ ಕಾಲು ಒತ್ತಲು ಕಲಿತಿದ್ದರು. ಅದರ ಮುಂದೆ ಎಣಿಸಲು ಹೋದರೆ ಏನೂ ಸಿಗುತ್ತಿರಲಿಲ್ಲ. ಕಣ್ಣು ಮುಚ್ಚಿ ಹುಡುಕುತ್ತ ಕೂರುತ್ತಿದ್ದೆ.

ನಾಲ್ಕಾರು ದಿನದ ನಂತರ ಮುಂಜಾನೆ ಡಾಕ್ಟರರು ಅತ್ತೆಯ ಎದೆಯ ಮೇಲೆ ಯಂತ್ರವಿಟ್ಟು ಬಹಳ ಹೊತ್ತು ಕೇಳಿದರು. ನಮ್ಮಿಬ್ಬರನ್ನೂ ಹೊರಗೆ ಕರೆದು, ಮನೆಗೆ ಕರೆದುಕೊಂಡು ಹೋಗುವುದಾದರೆ ಹೋಗಿ ಎಂದರು. ಗುಳಿಗೆ ಏನು ಕೊಡಬೇಕೆಂದು ನಮ್ಮವರು ಕೇಳಿದರು. ಬೇಡ ಎಂದರು. ನಾನು ನೀರು ಎಷ್ಟು ಎಂದು ಕೇಳಿದೆ. ಅವರು ನನ್ನ ಕಡೆ ನೋಡಲಿಲ್ಲ.

"ಎಷ್ಟ ಬೇಕಂತಾರ ಅಷ್ಟ ಕೊಡ್ರಿ. ಈಗೇನ ಅಳತಿ ಬ್ಯಾಡ."

ಅಷ್ಟು ದಿನ ಆ ಒಂದು ಮಾತಿಗೆ ಕಾದಿದ್ದೆ. ಕೇಳಿದ ಮೇಲೆ ಗೋಡೆ ಹಿಡಿದುಕೊಂಡು ಅಲ್ಲೇ ಕೂತೆ. ನಮ್ಮ ಮನೆಯವರು ಇನ್ನೂ ಏನೋ ಕೇಳುತ್ತಿದ್ದರು. ಆ ಮಾತಿನ ಅರ್ಥ ಅವರಿಗಿನ್ನೂ ತಿಳಿದಿರಲಿಲ್ಲ.

ಗಜೇಂದ್ರಗಡ ಮುಟ್ಟಿದಾಗ ಬಿಸಿಲು ಇಳಿದಿತ್ತು. ಪಡಸಾಲೆಯಲ್ಲಿ ಹಾಸಿಗೆ ಹಾಸಿದೆವು. ನಾನು ಒಳಗೆ ಹೋಗಿ ದೊಡ್ಡ ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಕೊಡದ ತಣ್ಣನೆಯ ನೀರು ತುಂಬಿಕೊಂಡು ಬಂದೆ. ಅಂಚಿನವರೆಗೂ ತುಂಬಿದ್ದೆ. ಅತ್ತೆಯ ತಲೆಯನ್ನು ತೋಳಿನ ಮೇಲೆ ಎತ್ತಿ, ಕಿವಿಯ ಹತ್ತಿರ ಬಾಗಿ ಹೇಳಿದೆ.

"ನೀರ ತಂದೀನ್ರಿ ಅತ್ತೀ. ಎಷ್ಟ ಬೇಕ ಅಷ್ಟ ಕುಡೀರಿ. ಡಾಕ್ಟರ್ ಹೂಂ ಅಂದಾರ."

ಅವರು ಕಣ್ಣು ತೆರೆದರು. ನನ್ನನ್ನು ನೋಡಿದರೋ ಇಲ್ಲವೋ ಹೇಳಲಾರೆ. ಚಮಚದಲ್ಲಿ ಹಾಕಿದ ನೀರು ನಾಲಿಗೆಯ ಮೇಲೆ ನಿಂತಿತು, ಗಂಟಲಿಗೆ ಇಳಿಯಲಿಲ್ಲ. ಬಾಯಿಯ ಬದಿಯಿಂದ ಹರಿದು ನನ್ನ ತೋಳು ಒದ್ದೆಯಾಯಿತು. ಒರೆಸಿ ಇನ್ನೊಂದು ಚಮಚ ಹಾಕಿದೆ. ಸಾಕು ಬಿಡು ಎಂದರು ನಮ್ಮ ಮನೆಯವರು. ನಾನು ಬಿಡಲಿಲ್ಲ. ತಂಬಿಗೆ ಹಾಗೇ ತುಂಬಿತ್ತು, ಹೊರಗೆ ಇನ್ನೂ ಬೆಳಕಿತ್ತು. ಮತ್ತೊಂದು ಚಮಚ ಹಾಕಿದೆ.